ಅವನು ಜಾಣನೋ, ರೇಟು ಜಾಣನೋ?

ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪಿನ ಹರಾಜು ಮುಗಿಯುವ ಹೊತ್ತಿಗೆ ಪ್ರತಿ ವರ್ಷ ಒಂದು ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ರೇಟು ಏರಿದ ವರ್ಷ, “ಅವನು ಜಾಣ, ಧೈರ್ಯ ಮಾಡಿ ಇನ್ನೆರಡು ಎಕರೆ ಹಾಕಿದ” ಎನ್ನುತ್ತೇವೆ. ರೇಟು ಬಿದ್ದ ವರ್ಷ ಅದೇ ಮನುಷ್ಯನ ಬಗ್ಗೆ, “ದುರಾಸೆಗೆ ಬಿದ್ದು ಕೆಟ್ಟ” ಎನ್ನುತ್ತೇವೆ. ಮನುಷ್ಯ ಒಬ್ಬನೇ, ಮಾಡಿದ ಕೆಲಸವೂ ಒಂದೇ. ಹಾಗಾದರೆ ನಾವು ಅಳೆದದ್ದು ಅವನ ವಿವೇಕವನ್ನೋ, ಆ ವರ್ಷದ ರೇಟನ್ನೋ?

ಕರ್ನಾಟಕದ ವರ್ಜೀನಿಯಾ ಹೊಗೆಸೊಪ್ಪಿಗೆ 2022-23ರಲ್ಲಿ ಸಿಕ್ಕ ಸರಾಸರಿ ಬೆಲೆ ಕೆ.ಜಿ.ಗೆ ಸುಮಾರು 228 ರೂಪಾಯಿ. ಮುಂದಿನ ಹಂಗಾಮಿನಲ್ಲಿ ಅದು 256ರ ಆಸುಪಾಸಿಗೆ ಏರಿತು. ಆದರೆ ಆ ವರ್ಷ ತಂಬಾಕು ಮಂಡಳಿ ಅನುಮತಿಸಿದ್ದು 10 ಕೋಟಿ ಕೆ.ಜಿ., ಮಾರಾಟವಾದದ್ದು ಸುಮಾರು ಎಂಟೂವರೆ ಕೋಟಿ ಮಾತ್ರ. ಬೆಲೆ ಏರಿದ ವರ್ಷ ಬೆಳೆ ಕಡಿಮೆಯಿತ್ತು ಎಂಬುದನ್ನು ಮರೆತು 256 ಎಂಬ ಅಂಕಿಯನ್ನಷ್ಟೇ ತಲೆಯಲ್ಲಿ ಇಟ್ಟುಕೊಂಡರೆ ಅದು ಲೆಕ್ಕವಲ್ಲ, ಆಸೆ.

ಕಂಪಲಾಪುರದ ಕಡೆಯ ಒಂದು ಮನೆ ಎಂದಿಟ್ಟುಕೊಳ್ಳಿ. ಯಜಮಾನರಿಗೆ ಇನ್ನೊಂದು ಬ್ಯಾರನ್ ಕಟ್ಟಿಸುವ ಹಂಬಲ. ಬಡ್ಡಿಯ ಸಾಲ ಬೇಡ ಎಂಬ ಎಚ್ಚರವೂ ಇದೆ. ಹಾಗಾಗಿ ಕಣ್ಣು ಹೋದದ್ದು ಹೆಂಡತಿಗೆ ಮಹ್ರ್ ಆಗಿ ಕೊಟ್ಟ ಬಳೆಗಳ ಮೇಲೆ. (ಹೊಗೆಸೊಪ್ಪು ಬೆಳೆಯುವುದೇ ಸರಿಯೇ ಎಂಬ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಅದು ಚಿಕ್ಕ ಪ್ರಶ್ನೆಯಲ್ಲ, ಬೇರೆಯೇ ಬರೆಯಬೇಕಾದದ್ದು.) “ನಷ್ಟವಾದರೆ?” ಎಂದು ಆಕೆ ಕೇಳಿದರೆ ಸಿದ್ಧ ಉತ್ತರವೊಂದಿದೆ: “ಅಲ್ಲಾಹನ ಮೇಲೆ ಭರವಸೆ ಇಡು.”

ಈ ಉತ್ತರದ ಮುಂದೆ ಎಷ್ಟೋ ಸಹೋದರಿಯರು ಸುಮ್ಮನಾಗುತ್ತಾರೆ. ಸುಮ್ಮನಾಗಬೇಕಿಲ್ಲ. ಕ್ರಿ.ಶ. 639ರ ಆಸುಪಾಸಿನಲ್ಲಿ ಸಿರಿಯಾ ಕಡೆಗೆ ಹೊರಟಿದ್ದ ಖಲೀಫಾ ಉಮರ್(ರ) ಸರ್ಗ್ ಎಂಬಲ್ಲಿಗೆ ತಲುಪಿದಾಗ, ಮುಂದೆ ಪ್ಲೇಗ್ ಹಬ್ಬಿದೆ ಎಂಬ ಸುದ್ದಿ ಬಂತು. ಅವರು ಮೊದಲು ಮುಹಾಜಿರರನ್ನು ಕರೆದು ಅಭಿಪ್ರಾಯ ಕೇಳಿದರು. ಒಮ್ಮತವಿರಲಿಲ್ಲ. ಅನ್ಸಾರರನ್ನು ಕೇಳಿದರು. ಅಲ್ಲೂ ಅಷ್ಟೇ. ಕೊನೆಗೆ ಕುರೈಶರ ಹಿರಿಯರನ್ನು ಕೇಳಿದಾಗ ಅವರೆಲ್ಲರೂ ಜನರನ್ನು ಅಪಾಯಕ್ಕೆ ಒಡ್ಡದೆ ಹಿಂದಿರುಗುವುದೇ ಒಳ್ಳೆಯದೆಂದರು. ಉಮರ್(ರ) ಹಿಂದಿರುಗಲು ತೀರ್ಮಾನಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ ಎಂದು ಅಬೂ ಉಬೈದಾ(ರ) ಆಕ್ಷೇಪಿಸಿದಾಗ, ತಾನು ಹೋಗುತ್ತಿರುವುದೂ ಅಲ್ಲಾಹನ ವಿಧಿಯೆಡೆಗೇ ಎಂದು ಉತ್ತರಿಸಿದರು. ಕಣಿವೆಯ ಒಂದು ಬದಿ ಹಸಿರಾಗಿದ್ದು ಇನ್ನೊಂದು ಬದಿ ಒಣಗಿದ್ದರೆ, ಒಂಟೆಯನ್ನು ಎಲ್ಲಿ ಮೇಯಿಸಿದರೂ ಅದು ವಿಧಿಯೇ ಅಲ್ಲವೇ ಎಂದು ಕೇಳಿದರು.

ರೋಗವಿರುವ ಊರಿಗೆ ಹೋಗಬಾರದು, ಇದ್ದ ಊರಿಂದ ಓಡಿಹೋಗಬಾರದು ಎಂಬ ಪ್ರವಾದಿ(ಸ)ರ ಆದೇಶವನ್ನು ಅಬ್ದುರ್‍ರಹ್ಮಾನ್ ಬಿನ್ ಔಫ್(ರ) ಬಂದು ತಿಳಿಸಿದ್ದು ಇಷ್ಟೆಲ್ಲ ಆದ ಮೇಲೆ. ಕೇಳಿ ಉಮರ್(ರ) ಅಲ್ಲಾಹನನ್ನು ಸ್ತುತಿಸಿದರು. ಈ ಘಟನೆಯಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಈ ಕ್ರಮವೇ. ತೀರ್ಮಾನವಾದಾಗ ಆ ಹದೀಸ್ ಅವರ ಕೈಯಲ್ಲಿರಲಿಲ್ಲ. ಕೈಯಲ್ಲಿದ್ದದ್ದು ಒಂದು ಸುದ್ದಿ, ಮೂರು ಗುಂಪುಗಳ ಅಭಿಪ್ರಾಯ ಮತ್ತು ತನ್ನನ್ನು ನಂಬಿ ಬಂದ ಜನರ ಹೊಣೆ. ಒಂದು ವೇಳೆ ಮರುವಾರವೇ ಪ್ಲೇಗ್ ತಣ್ಣಗಾಗಿದ್ದರೂ ಆ ತೀರ್ಮಾನವನ್ನು ಅವಿವೇಕವೆನ್ನಲು ನಿಮಗೆ ಮನಸ್ಸು ಬರುತ್ತದೆಯೇ?

ಇನ್ನು ಬ್ಯಾರನ್ನಿನ ಮಾತು. ಯಜಮಾನರು ಮೊದಲು ಕೇಳಬೇಕಾದದ್ದು ಮಂಡಳಿಯ ಕಚೇರಿಯಲ್ಲಿ: ಪರವಾನಗಿ ಸಿಗುತ್ತದೆಯೇ? ಆಮೇಲೆ ಸೌದೆ, ಗೊಬ್ಬರ, ಕೂಲಿ ಎಲ್ಲವನ್ನೂ ಕಾಗದದ ಮೇಲೆ ಬರೆಯಲಿ. ಎಲೆ ಕಟ್ಟಲು, ದರ್ಜೆವಾರು ಬೇರ್ಪಡಿಸಲು ಕೂರುವ ಮನೆಯ ಹೆಂಗಸರ ದುಡಿಮೆಗೂ ಕೂಲಿ ಹಾಕಲಿ. ಅದನ್ನು ಸೊನ್ನೆ ಎಂದು ಹಿಡಿದ ಲೆಕ್ಕದಲ್ಲಿ ಯಾವಾಗಲೂ ಲಾಭವೇ ಕಾಣುತ್ತದೆ! ಸಸಿ ನಾಟಿಯಾದ ಮೇಲೆ ಮಳೆ ಕೈಕೊಟ್ಟರೆ, ರೇಟು 200ಕ್ಕೆ ಇಳಿದರೆ ಮನೆ ಎರಡು ವರ್ಷ ತಡೆದೀತೇ, ಮಗಳ ಕಾಲೇಜು ನಿಲ್ಲುತ್ತದೆಯೇ? ತಡೆಯುತ್ತದೆ ಎಂದಾದರೆ ಮುಂದುವರಿಯಲಿ. ಆ ಮೇಲೆ ನಷ್ಟವಾದರೂ ಊರಿನವರು ಅವರನ್ನು ಹಳಿಯಬೇಕಾಗಿಲ್ಲ.

ಹಾಲುಣ್ಣುವ ಮಗುವಿಗೆ ಅವಧಿಗೆ ಮುನ್ನವೇ ಹಾಲು ಬಿಡಿಸುವುದಾದರೆ ತಂದೆ ತಾಯಿ ಪರಸ್ಪರ ಒಪ್ಪಿ, ಸಮಾಲೋಚಿಸಿ ಮಾಡಲಿ ಎಂದು ಪವಿತ್ರ ಕುರ್‌ಆನ್ ಅಲ್‌ಬಕರ ಅಧ್ಯಾಯದಲ್ಲಿ ಹೇಳುತ್ತದೆ. ಮಗುವಿನ ಹಾಲಿನ ವಿಷಯಕ್ಕೇ ಸಮಾಲೋಚನೆ ಬೇಕಾದರೆ ಬ್ಯಾರನ್ನಿಗೆ ಬೇಡವೇ? ಮಹ್ರ್ ಅಂತೂ ಆಕೆಯದೇ ಸೊತ್ತು. ಸ್ವಂತ ಇಷ್ಟದಿಂದ ಆಕೆ ಕೊಟ್ಟರೆ ತೆಗೆದುಕೊಳ್ಳಬಹುದು. ಅಳುಕಿನಿಂದ ತಲೆಯಾಡಿಸಿದ್ದು ಒಪ್ಪಿಗೆಯಲ್ಲ. ಇಸ್ತಿಖಾರದ ಎರಡು ರಕಅತ್ ನಮಾಝ್ ಮಾಡುವ ಮುನ್ನ ಯಜಮಾನರು ಆಕೆಯ ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಲಿ. ಬೇಡ ಎಂದರೆ ಬಳೆಗಳನ್ನು ಬಿಟ್ಟು ಲೆಕ್ಕ ಹಾಕಲಿ.