ಅಳೆಯುವವನ ಬೆಲೆ

ಕಸುಬು ಬಲ್ಲವನಿಗೆ ಮರ್ಯಾದೆ ಸಿಗುತ್ತದೆ, ಮರ್ಯಾದೆಯ ಬೆನ್ನಿಗೇ ಸ್ವಾತಂತ್ರ್ಯವೂ ಬರುತ್ತದೆ ಎಂದು ನಂಬುವುದು ಸುಲಭ. ಪ್ರಾಚೀನ ರೋಮಿನ ಭೂಮಾಪನ ನೋಡಿದರೆ ಈ ನಂಬಿಕೆ ಸಡಿಲವಾಗುತ್ತದೆ.

ರೋಮನ್ನರು ಹೊಸ ವಸಾಹತಿನ ನೆಲವನ್ನು ಸಾಮಾನ್ಯವಾಗಿ ಸುಮಾರು 710 ಮೀಟರ್ ಬದಿಯ ಚೌಕಗಳಾಗಿ ಸೀಳಿ ಹಂಚುತ್ತಿದ್ದರು. ಇಟಲಿಯ ಪೋ ಬಯಲಿನಲ್ಲಿ ಆ ಗೆರೆಗಳು ಇಂದಿಗೂ ರಸ್ತೆ, ಕಾಲುವೆಗಳಾಗಿ ಕಾಣುತ್ತವೆ. ಬಳಸಿದ ಉಪಕರಣ ಗ್ರೋಮಾ: ಕೋಲಿನ ಮೇಲೆ ಅಡ್ಡಹಾಯ್ದ ಎರಡು ಪಟ್ಟಿ, ನಾಲ್ಕು ತುದಿಗೂ ತೂಗುಗುಂಡು. ಅದು ಒಂಟಿ ಕೆಲಸವಲ್ಲ. ಒಬ್ಬ ದಾರಗಳ ನೇರಕ್ಕೆ ಕಣ್ಣಿಟ್ಟರೆ ಇನ್ನೊಬ್ಬ ದೂರದಲ್ಲಿ ಗಳು ಹಿಡಿದು ನಿಲ್ಲಬೇಕು. ಪೊದೆ ಸವರಲು, ಗಡಿಗಲ್ಲು ಹೂಳಲು ಬೇರೆ ಕೈಗಳು ಬೇಕು. ಫ್ರಾಂಟಿನಸ್, ಹೈಜೀನಸ್ ಹೆಸರಿನಲ್ಲಿ ಉಳಿದ ಭೂಮಾಪನದ ಬರಹಗಳಿಗೆ ಗಡಿವ್ಯಾಜ್ಯದಲ್ಲಿರುವ ಆಸಕ್ತಿ ಆ ಕೈಗಳಲ್ಲಿಲ್ಲ.

ಬಾಯಿ ಬಿಡುವುದು ಕಾನೂನು. ಭೂಮಾಪಕ ಕೂಲಿಯಾಳಲ್ಲ, ಅವನ ಕೆಲಸ ಒಂದು ಉಪಕಾರ, ಅವನಿಗೆ ಕೊಡುವುದು ಗೌರವಧನ ಎಂದು ಹಿಂದಿನವರು ಭಾವಿಸಿದ್ದರು ಎನ್ನುತ್ತಾನೆ ನ್ಯಾಯಶಾಸ್ತ್ರಜ್ಞ ಉಲ್ಪಿಯನ್. ಹಾಗಾಗಿ ತಪ್ಪು ಅಳತೆಗೆ ಗುತ್ತಿಗೆಯ ದಾವೆ ನಡೆಯದು. ವಂಚನೆಗೆ ಪ್ರತ್ಯೇಕ ದಾವೆ ಉಂಟು. ಎಷ್ಟು ಘನತೆಯ ವೃತ್ತಿ! ಆದರೆ ಅದೇ ಚರ್ಚೆಯಲ್ಲಿ, ಅಳೆದವನು ಗುಲಾಮನಾಗಿದ್ದರೆ ಏನು ಎಂಬ ಪ್ರಶ್ನೆಯೂ ಬರುತ್ತದೆ. ಆಗ ಒಡೆಯ ನಷ್ಟ ತುಂಬಬೇಕು, ಇಲ್ಲವೇ ಗುಲಾಮನನ್ನೇ ದೂರುದಾರನಿಗೆ ಒಪ್ಪಿಸಬೇಕು. ಕಸುಬು ಒಂದೇ, ಕೌಶಲವೂ ಒಂದೇ. ಒಬ್ಬನಿಗೆ ಗೌರವಧನ, ಇನ್ನೊಬ್ಬನ ಮೈಯೇ ದಂಡ. ಅಂದಮೇಲೆ ಆ ಘನತೆ ಕೆಲಸಕ್ಕೆ ಸೇರಿದ್ದಲ್ಲ, ಸ್ವತಂತ್ರನಾಗಿದ್ದವನು ತನ್ನೊಡನೆ ತಂದದ್ದು. ಹಣಕ್ಕೆ ದುಡಿಯುವುದು ಹೀನವೆಂದುಕೊಂಡವರು ಕೂಲಿಗೆ ಉಪಕಾರದ ಅಂಗಿ ತೊಡಿಸಿದ್ದರು, ಅಷ್ಟೆ.

ಇದಕ್ಕೆ ಆಕ್ಷೇಪವೂ ಇದೆ, ಕಲ್ಲಿನ ಮೇಲೆಯೇ. ಉತ್ತರ ಇಟಲಿಯ ಇವ್ರೇಯಾದಲ್ಲಿ ಲೂಸಿಯಸ್ ಎಬೂಟಿಯಸ್ ಫೌಸ್ಟಸ್ ಎಂಬ ಭೂಮಾಪಕನ ಸಮಾಧಿಶಿಲೆ ಸಿಕ್ಕಿದೆ. ಬಿಚ್ಚಿಟ್ಟ ಗ್ರೋಮಾದ ಚಿತ್ರವೂ ಅದರಲ್ಲಿದೆ. ಅವನು ಬಿಡುಗಡೆ ಪಡೆದ ಗುಲಾಮ. ಊರಿನ ಆರು ಮಂದಿಯ ಮಂಡಳಿಗೂ ಸೇರಿದ್ದ. ವಿದ್ಯೆ ಇವನನ್ನು ಬಿಡಿಸಲಿಲ್ಲವೇ? ನೆರವಾಗಿರಬಹುದು, ಆದರೆ ಬಿಡುವ ಅಧಿಕಾರ ಒಡೆಯನದಾಗಿತ್ತು. ಜಾಣ ಗುಲಾಮನಿಗೆ ಬೆಲೆ ಹೆಚ್ಚಾದ್ದರಿಂದ ಅವನನ್ನು ಇಟ್ಟುಕೊಳ್ಳಲೂ ಅದೇ ವಿದ್ಯೆ ಕಾರಣವಾಗುತ್ತಿತ್ತು. ಇನ್ನೂ ಒಂದು ಮಾತು: ಆ ಶಿಲೆಯಲ್ಲಿ ಹೆಂಡತಿಯ ಹೆಸರಿನ ಜೊತೆಗೆ ಜೆಪೀರಾ ಎಂಬವಳ ಹೆಸರಿದೆ. ಆಕೆ ಫೌಸ್ಟಸ್ ಬಿಡುಗಡೆ ಮಾಡಿದವಳು, ಎಂದರೆ ಅದಕ್ಕೆ ಮೊದಲು ಅವನ ಸ್ವತ್ತು. ದಾಸ್ಯ ಕಂಡು ಬಂದವನೇ ಇನ್ನೊಬ್ಬಳ ಒಡೆಯನಾಗಿದ್ದ. ಅದನ್ನು ಮುಚ್ಚಿಡಬೇಕೆಂದು ಅವನಿಗೆ ಅನ್ನಿಸಿರಲಿಲ್ಲ.