ಪಾಳಿ ತಪ್ಪಿದ ಸಿಲಿಂಡರು

ಮಳೆಗಾಲದಲ್ಲಿ ಭಟ್ಕಳದಿಂದ ಹೊನ್ನಾವರದ ಮಾರ್ಗವಾಗಿ ಕುಮಟಾಕ್ಕೆ ಕಾರಿನಲ್ಲಿ ಹೋಗುವಾಗ ಒಮ್ಮೊಮ್ಮೆ ಇಂಜಿನ್ನು ಮುಗ್ಗರಿಸತೊಡಗುವುದುಂಟು. ಗಾಡಿ ನಡುಗುತ್ತದೆ, ಏರಿನಲ್ಲಿ ಶಕ್ತಿ ಸಾಲದು. ನಾಲ್ಕು ಸಿಲಿಂಡರುಗಳಲ್ಲಿ ಒಂದು ತನ್ನ ಪಾಳಿಯನ್ನು ತಪ್ಪಿಸಿದೆ.

ಕ್ರಾಂಕಿನ ಎರಡು ಸುತ್ತಿಗೆ ಪ್ರತಿ ಸಿಲಿಂಡರಿನಲ್ಲಿಯೂ ಒಮ್ಮೆ ಇಂಧನ ಉರಿಯಬೇಕು. ಸಾಮಾನ್ಯವಾಗಿ 1-3-4-2 ಎಂಬ ಸರದಿಯಲ್ಲಿ. ಈಗಿನ ಕಾರುಗಳಲ್ಲಿ ಒಂದು ಪಾಳಿಯಲ್ಲಿ ಕ್ರಾಂಕಿನ ವೇಗ ಕುಗ್ಗಿದುದನ್ನು ಗಣಕವೇ ಗುರುತಿಸಿ ‘ಪಿ0302’, ಅಂದರೆ ಎರಡನೆಯ ಸಿಲಿಂಡರು, ಎಂದು ಸೂಚಿಸುತ್ತದೆ. ಆದರೆ ಅದು ಹೇಳಿದ್ದು ಠಾವನ್ನೇ ಹೊರತು ಕಾರಣವನ್ನಲ್ಲ. ಕಿಡಿ ಇಲ್ಲವೆ? ಇಂಧನವಿಲ್ಲವೆ? ಒತ್ತಡ ಸೋರುತ್ತಿದೆಯೆ?

ನಮಗೆ ಹೀಗಾದಾಗ ಒಂದು ಗ್ಯಾರೇಜಿನವರು ನಾಲ್ಕು ಪ್ಲಗ್ಗುಗಳನ್ನೂ ನಾಲ್ಕು ಕಾಯಿಲುಗಳನ್ನೂ ಒಮ್ಮೆಲೇ ಬದಲಿಸಿದರು. ರೋಗ ಹೋಯಿತು, ನಿಜ. ಕೆಟ್ಟದ್ದು ಯಾವುದೆಂದು ಅವರಿಗೂ ತಿಳಿಯಲಿಲ್ಲ, ನಮಗೂ ತಿಳಿಯಲಿಲ್ಲ. ತಿಳಿದದ್ದು ಬಿಲ್ಲಿನ ಮೊತ್ತವೊಂದೇ. ಇದನ್ನು ನಾವು ಪರೀಕ್ಷೆ ಎನ್ನಲಾರೆವು.

ಪ್ಲಗ್ಗಿಗೊಂದು ಕಾಯಿಲಿರುವ ಕಾರಿನಲ್ಲಿ ಎರಡನೆಯ ಮತ್ತು ಮೂರನೆಯ ಕಾಯಿಲುಗಳನ್ನು ಅದಲುಬದಲು ಮಾಡಿ ನೋಡಿರಿ. ದೋಷ ಮೂರಕ್ಕೆ ಸರಿದರೆ ಕಾಯಿಲೇ ಅಪರಾಧಿ; ಎರಡರಲ್ಲೇ ಉಳಿದರೆ ಅದನ್ನು ಬಿಟ್ಟು ಪ್ಲಗ್ಗಿಗೆ ಬನ್ನಿರಿ. ಒಮ್ಮೆಗೆ ಒಂದನ್ನೇ ಬದಲಿಸಬೇಕೆಂಬುದನ್ನು ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಆಗಲೇ ಕಲಿತಿದ್ದಾರಷ್ಟೆ! ಕರಾವಳಿಯಲ್ಲಿ ನಮ್ಮ ಮೊದಲ ಗುಮಾನಿ ತೇವದ ಮೇಲೆ. ಶುದ್ಧ ನೀರು ವಿದ್ಯುತ್ತನ್ನು ಒಯ್ಯುವುದು ಅತ್ಯಲ್ಪ; ಉಪ್ಪು ಬೆರೆತ ನೀರು ಚೆನ್ನಾಗಿ ಒಯ್ಯುತ್ತದೆ. ಕಾಯಿಲಿನ ಹಸಿ ಮೈಮೇಲೆಯೇ ವಿದ್ಯುತ್ತು ಹರಿದುಹೋದರೆ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರದು.

ವಿಳಂಬ ಸಲ್ಲದು. ಉರಿಯದ ಪೆಟ್ರೋಲು ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರನ್ನು ಹೊಕ್ಕು, ಅಲ್ಲಿ ಉರಿದು, ಅದನ್ನೇ ಕರಗಿಸಬಲ್ಲುದು. ಕಾಯಿಲನ್ನು ಮುಟ್ಟುವ ಮೊದಲು ಮಾತ್ರ ಇಂಜಿನ್ನನ್ನು ನಿಲ್ಲಿಸಿರಿ. ಅದು ಸಾವಿರಾರು ವೋಲ್ಟುಗಳನ್ನು ಉಂಟುಮಾಡುತ್ತದೆ.