ಮಗುವಿಗೂ ಬೇಕು ಕಾರಿನಲ್ಲಿ ತನ್ನದೇ ಆಸನ

ಬಾಣಂತಿ ಮತ್ತು ಕೂಸನ್ನು ಆಸ್ಪತ್ರೆಯಿಂದ ಮನೆಗೆ ಕರೆತರುವ ದಿನ ನಮ್ಮಲ್ಲಿ ಎಲ್ಲಕ್ಕೂ ಸಿದ್ಧತೆ ನಡೆದಿರುತ್ತದೆ. ಕುಲಾವಿ, ತೊಟ್ಟಿಲು, ಬಾಗಿಲಲ್ಲಿ ಎತ್ತುವ ಆರತಿ ಯಾವುದೂ ತಪ್ಪುವುದಿಲ್ಲ. ಆದರೆ ಆ ಕೂಸು ಕಾರಿನಲ್ಲಿ ಹೇಗೆ ಬರಬೇಕು ಎಂದು ಯಾರೂ ಕೇಳುವುದಿಲ್ಲ. ಅಜ್ಜಿಯ ಮಡಿಲಿದೆಯಲ್ಲ ಎಂಬುದೇ ಎಲ್ಲರ ಸಮಾಧಾನ.

ಮನೆಯಲ್ಲಿ ಮಡಿಲಿಗಿಂತ ಸುರಕ್ಷಿತ ಜಾಗವಿಲ್ಲ, ನಿಜ. ಓಡುವ ಕಾರಿನಲ್ಲಿ ಮಾತ್ರ ಈ ಮಾತು ನಿಲ್ಲುವುದಿಲ್ಲ. ಗಂಟೆಗೆ 50 ಕಿ.ಮೀ. ವೇಗದ ಕಾರು ಡಿಕ್ಕಿ ಹೊಡೆದು, ಅದರ ಮುಂಭಾಗ ಅರ್ಧ ಮೀಟರಿನಷ್ಟು ನಜ್ಜುಗುಜ್ಜಾಗಿ ನಿಂತಿತೆನ್ನಿ. ಆ ಕ್ಷಣದಲ್ಲಿ 10 ಕಿಲೋ ತೂಕದ ಮಗುವನ್ನು ಹಿಡಿದಿಡಲು ಸುಮಾರು 200 ಕಿಲೋ ಭಾರ ಎತ್ತುವಷ್ಟು ಬಲ ಬೇಕು. ಯಾವ ಪೈಲ್ವಾನನ ತೋಳಿಗೂ ಇದು ಸಾಧ್ಯವಿಲ್ಲ. ಬೆಲ್ಟ್ ಹಾಕಿಕೊಳ್ಳದ ದೊಡ್ಡವರ ಮೈಭಾರವೂ ಮಗುವಿನ ಮೇಲೆಯೇ ಬೀಳುತ್ತದೆ. ಅಪ್ಪನ ತೊಡೆಯೇರಿ ಸ್ಟಿಯರಿಂಗ್ ಹಿಡಿಯುವ ಮಗು, ಸನ್‌ರೂಫಿನಿಂದ ತಲೆ ಹೊರಹಾಕಿ ನಿಲ್ಲುವ ಮಗು ಇವರ ಅಪಾಯವನ್ನಂತೂ ಹೇಳಬೇಕಾಗಿಯೇ ಇಲ್ಲ.

ನಮ್ಮಲ್ಲಿ ಇದಕ್ಕೆ ಕಾನೂನು ಇಲ್ಲವೆಂದಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 194-ಬಿ ಕಲಮಿನ ಪ್ರಕಾರ, 14 ವರ್ಷ ತುಂಬದ ಮಗುವನ್ನು ಸುರಕ್ಷತಾ ಬೆಲ್ಟಿನಿಂದ ಅಥವಾ ಮಕ್ಕಳ ಸುರಕ್ಷಾ ಆಸನದಲ್ಲಿ ಭದ್ರಪಡಿಸದೆ ವಾಹನ ಓಡಿಸಿದರೆ 1,000 ರೂಪಾಯಿ ದಂಡ. ನನ್ನ ತಕರಾರು ಇರುವುದು ಆ 'ಅಥವಾ' ಎಂಬ ಪದದ ಮೇಲೆ. ಕಾರಿನ ಬೆಲ್ಟು ದೊಡ್ಡವರ ಅಳತೆಗೆ ಮಾಡಿದ್ದು. ಸುಮಾರು 145 ಸೆಂ.ಮೀ. ಎತ್ತರಕ್ಕೆ ಬೆಳೆಯುವವರೆಗೆ ಅದು ಮಗುವಿನ ಹೆಗಲ ಬದಲು ಕುತ್ತಿಗೆಯ ಮೇಲೆ, ಸೊಂಟದ ಮೂಳೆಯ ಬದಲು ಮೆತ್ತನೆಯ ಹೊಟ್ಟೆಯ ಮೇಲೆ ಹಾಯುತ್ತದೆ. ಅಪಘಾತದಲ್ಲಿ ಕರುಳು, ಯಕೃತ್ತು, ಬೆನ್ನುಹುರಿಗೆ ಪೆಟ್ಟು ಬೀಳುವುದು ಹೀಗೆ. ನಾಲ್ಕು ವರ್ಷದ ಮಗುವಿಗೆ ಬರೀ ಬೆಲ್ಟು ಬಿಗಿದರೆ ಕಾಯಿದೆ ಪಾಲಿಸಿದಂತಾಯಿತು, ಮಗುವನ್ನು ಕಾಪಾಡಿದಂತಾಗಲಿಲ್ಲ.

ಇಂಥ ಕಿಂಡಿ ಬೇರೆ ಕಡೆಯೂ ಇತ್ತು. ಅಮೆರಿಕದಲ್ಲಿ ಮಕ್ಕಳ ಆಸನವನ್ನು ಕಡ್ಡಾಯ ಮಾಡಿದ ಮೊದಲ ರಾಜ್ಯ ಟೆನೆಸ್ಸಿ. ರಾಬರ್ಟ್ ಸ್ಯಾಂಡರ್ಸ್ ಎಂಬ ಮಕ್ಕಳ ವೈದ್ಯರ ಪಟ್ಟು ಬಿಡದ ಪ್ರಯತ್ನದಿಂದ ಆ ಕಾನೂನು 1978ರಲ್ಲಿ ಜಾರಿಗೆ ಬಂತು. ಆದರೆ ಮಗುವನ್ನು ದೊಡ್ಡವರು ತೋಳಲ್ಲಿ ಎತ್ತಿಕೊಂಡಿದ್ದರೆ ಸಾಕು ಎಂಬ ವಿನಾಯಿತಿಯನ್ನು ಶಾಸಕರು ಅದರಲ್ಲಿ ಸೇರಿಸಿದ್ದರು. ಸ್ಯಾಂಡರ್ಸ್ ಸುಮ್ಮನಾಗಲಿಲ್ಲ, 1981ರಲ್ಲಿ ಆ ವಿನಾಯಿತಿ ರದ್ದಾಯಿತು. 1985ರ ಹೊತ್ತಿಗೆ ಅಲ್ಲಿನ ಎಲ್ಲ ರಾಜ್ಯಗಳಲ್ಲೂ ಇಂಥ ಕಾನೂನು ಬಂದಿತ್ತು. ಸರಿಯಾಗಿ ಬಳಸಿದ ಆಸನ ಕಾರು ಅಪಘಾತದಲ್ಲಿ ಒಂದು ವರ್ಷದೊಳಗಿನ ಶಿಶುಗಳ ಸಾವನ್ನು ಶೇ. 71ರಷ್ಟು, 1ರಿಂದ 4 ವರ್ಷದ ಮಕ್ಕಳ ಸಾವನ್ನು ಶೇ. 54ರಷ್ಟು ತಗ್ಗಿಸುತ್ತದೆ ಎಂಬುದು ಅಲ್ಲಿನ ಸರ್ಕಾರಿ ಸಂಸ್ಥೆಯ ಲೆಕ್ಕ.

'ಸರಿಯಾಗಿ ಬಳಸಿದ' ಎಂಬ ಮಾತನ್ನು ಗಮನಿಸಿ. ಇಷ್ಟು ವರ್ಷಗಳ ರೂಢಿಯಿರುವ ಅಮೆರಿಕದಲ್ಲೇ ಹೆಚ್ಚುಕಡಿಮೆ ಅರ್ಧದಷ್ಟು ಆಸನಗಳ ಜೋಡಣೆ ಅಥವಾ ಬಳಕೆಯಲ್ಲಿ ತಪ್ಪಿರುತ್ತದೆ. ಅದಕ್ಕಾಗಿಯೇ ಅಲ್ಲಿ ತರಬೇತಿ ಪಡೆದ ತಂತ್ರಜ್ಞರಿದ್ದಾರೆ. ಅವರು ತಪಾಸಣಾ ಕೇಂದ್ರಗಳಲ್ಲಿ, ಹಲವೆಡೆ ಹಣ ಪಡೆಯದೆ, ಆಸನ ಪರೀಕ್ಷಿಸಿ ತಂದೆತಾಯಿಯರ ಕೈಯಲ್ಲೇ ಕಟ್ಟಿಸಿ ಕಲಿಸುತ್ತಾರೆ. ಮಗಳ ಬಾಣಂತನಕ್ಕೆಂದು ಅಲ್ಲಿಗೆ ಹೋಗಿಬಂದ ಅಜ್ಜಿಯರಿಗೆ ಇದು ಹೊಸದೇನಲ್ಲ. ಅಲ್ಲಿ ಆಸನ ತಾರದೆ ಕೂಸನ್ನು ಕಾರಿನಲ್ಲಿ ಕರೆದೊಯ್ಯುವ ಮಾತೇ ಇಲ್ಲ.

ನಮ್ಮಲ್ಲಿ ಕಲಿಸುವವರು ಸಿಗುವ ತನಕ ಕೆಲವು ಅಂಶಗಳನ್ನು ಮನೆಯವರೇ ನೋಡಿಕೊಳ್ಳಬಹುದು. ಆಸನ ಯಾವಾಗಲೂ ಹಿಂದಿನ ಸೀಟಿನಲ್ಲಿರಲಿ. ಎಳೆಯ ಮಗುವಿನ ತಲೆ ದೊಡ್ಡದು, ಕುತ್ತಿಗೆ ದುರ್ಬಲ. ಆದ್ದರಿಂದ ಆಸನದ ಎತ್ತರ ಮತ್ತು ತೂಕದ ಮಿತಿ ಮೀರುವವರೆಗೂ ಅದು ಕಾರಿನ ಹಿಂಬದಿಗೆ ಮುಖ ಮಾಡಿ ಕುಳಿತಿರಬೇಕು. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಅಂಥ ಆಸನವನ್ನು ಇಡಲೇಬಾರದು. ಬೆಲ್ಟು ಹಾಯುವ ಜಾಗದಲ್ಲಿ ಆಸನವನ್ನು ಹಿಡಿದು ಅಲುಗಾಡಿಸಿದರೆ ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಬಾರದು. ಹೆಗಲ ಪಟ್ಟಿಯನ್ನು ಬೆರಳುಗಳಿಂದ ಚಿವುಟಿದರೆ ಮಡಿಕೆ ಸಿಗಬಾರದು. ದಪ್ಪ ಸ್ವೆಟರಿನ ಮೇಲೆ ಪಟ್ಟಿ ಬಿಗಿದರೆ ಒಳಗೆ ಸಡಿಲವಾಗಿಯೇ ಉಳಿಯುತ್ತದೆ. ಮೊದಲು ಪಟ್ಟಿ, ಮೇಲೆ ಹೊದಿಕೆ. ಅಪಘಾತಕ್ಕೆ ಸಿಕ್ಕ ಹಳೆಯ ಆಸನವನ್ನು ನೆಂಟರು ಕೊಟ್ಟರೂ ಬೇಡ. ಕಾರಿನ ಮತ್ತು ಆಸನದ ಕೈಪಿಡಿ ಎರಡನ್ನೂ ಓದಿಯೇ ಕಟ್ಟಬೇಕು.

ಮಗು ಅಳುತ್ತದೆ ಎಂಬುದು ಹಲವರ ದೂರು. ಚುಚ್ಚುಮದ್ದಿಗೂ ಅಳುತ್ತದೆ, ಹಾಗೆಂದು ನಾವು ಬಿಡುವುದಿಲ್ಲ. ಮೊದಲ ದಿನದಿಂದ ರೂಢಿ ಮಾಡಿಸಿದರೆ ಅಳು ಕಡಿಮೆಯಾಗುತ್ತದೆ. ದುಬಾರಿ ಎಂಬುದು ಇನ್ನೊಂದು ದೂರು. ಅದರಲ್ಲಿ ಹುರುಳಿದೆ. ಆದರೆ ಲಕ್ಷಗಟ್ಟಲೆ ಕೊಟ್ಟು ಕಾರು ಕೊಳ್ಳುವವರು, ಸೀಟು ಕವರಿಗೂ ಸ್ಪೀಕರಿಗೂ ಹಣ ಹೊಂದಿಸುವವರು ಈ ಮಾತು ಹೇಳಬಾರದು. ಕಾರಿಲ್ಲದ ಕುಟುಂಬಗಳನ್ನೂ ನಿಯಮ ಮರೆತಿಲ್ಲ. ದ್ವಿಚಕ್ರ ವಾಹನದಲ್ಲಿ 9 ತಿಂಗಳಿಂದ 4 ವರ್ಷದ ಮಕ್ಕಳಿಗೆ ಸುರಕ್ಷತಾ ಪಟ್ಟಿ, ಹೆಲ್ಮೆಟ್ ಹಾಗೂ ಗಂಟೆಗೆ 40 ಕಿ.ಮೀ. ವೇಗಮಿತಿಯನ್ನು 2022ರ ನಿಯಮ ಕಡ್ಡಾಯಗೊಳಿಸಿದೆ.

ದಂಡ ಹಾಕುವುದು ಪೊಲೀಸರ ಕೆಲಸ. ಕಲಿಸುವುದು ಯಾರ ಕೆಲಸ? ಕಾರು ಮಾರುವವರು ಕೀಲಿಕೈ ಕೊಡುವಾಗ ಆಸನ ಕಟ್ಟುವುದನ್ನು ತೋರಿಸಲಿ. ಆಸನ ಮಾರುವ ಅಂಗಡಿಯವರು ಗಿರಾಕಿಯ ಕಾರಿನಲ್ಲೇ ಒಮ್ಮೆ ಕೂರಿಸಿಕೊಡಲಿ. ಲಸಿಕೆಗೆ ಬಂದ ತಾಯಿಯನ್ನು, "ಹೇಗೆ ಬಂದಿರಿ, ಮಗು ಎಲ್ಲಿ ಕುಳಿತಿತ್ತು?" ಎಂದು ನಾವು ವೈದ್ಯರು ಕೇಳೋಣ. ಸರ್ಕಾರ ಆ 'ಅಥವಾ'ವನ್ನು ತೆಗೆದು, ಚಿಕ್ಕ ಮಕ್ಕಳಿಗೆ ಆಸನವೇ ಬೇಕೆಂದು ಸ್ಪಷ್ಟವಾಗಿ ಬರೆಯಲಿ. ಪ್ರೀತಿಯಿಂದ ಎತ್ತಿಕೊಳ್ಳಲು ಪ್ರಯಾಣ ಮುಗಿದ ಮೇಲೆ ಬೇಕಾದಷ್ಟು ಸಮಯವಿರುತ್ತದೆ.